ಸರ್ಕಾರಕ್ಕೆ ಹೊಸ ಸಾಮಾನು ಮಾರೋದು ಹೇಗೆ? ಬೆಳಗಾವಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯಮಬಾಗದಲ್ಲಿ ಫೌಂಡ್ರಿ ಇಟ್ಟವರು, ಮಚ್ಛೆ ಕಡೆ ಮಷಿನ್ ಶಾಪ್ ನಡೆಸುವವರು, ಈಗಷ್ಟೇ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುದಿಂದ ಹೊರಬಿದ್ದು ಏನೋ ಒಂದು ಯಂತ್ರ ಮಾಡಿಟ್ಟುಕೊಂಡಿರುವ ಹುಡುಗರು, ಪಾಲಿಕೆಯ ಎಂಜಿನಿಯರುಗಳು. ಇವರೆಲ್ಲ ಬೇರೆ ಬೇರೆ ಮಾತಿನಲ್ಲಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಬಾಗಲಕೋಟೆ, ವಿಜಯಪುರದವರಿಗೂ ಇದೇ ನಿಯಮ, ಇದೇ ತಲೆನೋವು.

ಸರ್ಕಾರ ಕೊಳ್ಳುವುದಕ್ಕೂ ಹೊಸ ತಂತ್ರಜ್ಞಾನಕ್ಕೂ ಏನು ಸಂಬಂಧ? ಸರ್ಕಾರ ಅಂದರೆ ಹಳೇ ಕುರ್ಚಿ, ಹಳೇ ಫೈಲು ಅಲ್ವಾ?

ದೂರ ಹೋಗೋದು ಬೇಡ, ಕಿತ್ತೂರಿಗೆ ಹೋಗೋಣ. ಕಿತ್ತೂರು ಅಂದರೆ ಎಲ್ಲರಿಗೂ ರಾಣಿ ಚೆನ್ನಮ್ಮ ನೆನಪಾಗುತ್ತಾರೆ. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ನಮ್ಮ ದೇಶದಲ್ಲೇ ವಿನ್ಯಾಸ ಮಾಡಿದ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಗಿದ್ದು 1986ರಲ್ಲಿ ಇದೇ ಕಿತ್ತೂರಿನಲ್ಲಿ ಅನ್ನೋದು ಜಿಲ್ಲೆಯವರಿಗೇ ಜಾಸ್ತಿ ಗೊತ್ತಿಲ್ಲ.

ಸಿ-ಡಾಟ್ ಸಂಸ್ಥೆ ಹುಟ್ಟಿದ್ದು 1984ರಲ್ಲಿ, ಟೆಲಿಕಾಂ ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಮುಂದೆ ನಿಂತು ಕಟ್ಟಿದ್ದು. ಸರ್ಕಾರ ಕೊಟ್ಟ ಗಡುವು 36 ತಿಂಗಳು, ದುಡ್ಡು 36 ಕೋಟಿ ರೂಪಾಯಿ. ಆಗ ಹೊರದೇಶದಿಂದ ಬರುತ್ತಿದ್ದ ಡಿಜಿಟಲ್ ಎಕ್ಸ್‌ಚೇಂಜ್‌ಗಳು ದೊಡ್ಡ ನಗರಗಳಿಗೆ ಮಾಡಿದ್ದವು. ಸಾವಿರಾರು ಲೈನು, ತಣ್ಣನೆಯ ಎಸಿ ಕೋಣೆ, ನಿಲ್ಲದ ಕರೆಂಟು ಬೇಕು. ನಮ್ಮ ಹಳ್ಳಿಯ ಲೆಕ್ಕವೇ ಬೇರೆ. ಲೈನುಗಳು ಕಡಿಮೆ, ಆದರೆ ಒಂದೊಂದು ಲೈನಿನ ಮೇಲೂ ಇಡೀ ಓಣಿಯವರು ಮಾತಾಡುತ್ತಾರೆ. ಧೂಳು, ಬಿಸಿಲು, ಹೋಗಿ ಬರುವ ಕರೆಂಟು ಬೇರೆ. ಅದಕ್ಕೇ ಅವರು 128 ಲೈನಿನ, ಎಸಿ ಬೇಡದ ಚಿಕ್ಕ ಎಕ್ಸ್‌ಚೇಂಜ್ ಮಾಡಿದರು.

ಇಲ್ಲಿ ಗಮನಿಸಬೇಕಾದದ್ದು ಎರಡು. ಒಂದು, ಕೊಳ್ಳುವವರು ಯಾರು ಅನ್ನೋದು ಮೊದಲೇ ಗೊತ್ತಿತ್ತು. ಆಗ ದೇಶದಲ್ಲಿ ಫೋನು ಕೊಡುತ್ತಿದ್ದದ್ದೇ ಸರ್ಕಾರ. ಇನ್ನೊಂದು, ಸಿ-ಡಾಟ್ ತಾನೇ ಕಾರ್ಖಾನೆ ಹಾಕಿ ಕೂರಲಿಲ್ಲ. ಡ್ರಾಯಿಂಗು, ತಂತ್ರಾಂಶ, ಪರೀಕ್ಷೆಯ ವಿಧಾನ ಎಲ್ಲವನ್ನೂ ಸರ್ಕಾರಿ ಮತ್ತು ಖಾಸಗಿ ಕಾರ್ಖಾನೆಗಳಿಗೆ ಕೊಟ್ಟಿತು. ಆ ಕಾರ್ಖಾನೆಗಳು ಎಲೆಕ್ಟ್ರಾನಿಕ್ಸ್ ಕಲಿತದ್ದು ಹೀಗೆ. ಸರ್ಕಾರಿ ಖರೀದಿಯಿಂದ ಹೊಸತು ಹುಟ್ಟುವುದು, ಕಲಿತದ್ದು ಹತ್ತು ಕಡೆ ಹರಡುವುದು ಅಂತ ದೊಡ್ಡ ಸಭೆಗಳಲ್ಲಿ ಮಾತಾಡುತ್ತಾರಲ್ಲ, ಅದು ನಮ್ಮ ಜಿಲ್ಲೆಯಲ್ಲೇ ಆಗಿಹೋಗಿದೆ.

ಅಮೆರಿಕದಲ್ಲೂ ಕಥೆ ಇಷ್ಟೇ. 1960ರ ದಶಕದಲ್ಲಿ ಕಂಪ್ಯೂಟರ್ ಚಿಪ್‌ಗಳು ದುಬಾರಿ, ಯಾರೂ ಕೊಳ್ಳುತ್ತಿರಲಿಲ್ಲ. ಅಪೊಲೊ ಯಾನದ ಕಂಪ್ಯೂಟರಿಗೆ ಮತ್ತು ಕ್ಷಿಪಣಿಗಳಿಗೆ ಅಂತ ಸರ್ಕಾರ ರಾಶಿ ರಾಶಿ ಕೊಂಡಿತು, ಬೆಲೆ ಇಳಿಯಿತು, ಆಮೇಲೆ ಉಳಿದವರು ಬಂದರು.

ಗ್ರಾಂಟ್ ಕೊಡ್ತಾರಲ್ಲ, ಅದು ಸಾಲದಾ?

ಗ್ರಾಂಟ್ ಒಳ್ಳೆಯದೇ. ಸ್ಟಾರ್ಟಪ್‌ಗಳಿಗೆ ಅಂತ ಇರುವ ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಸಿಗುತ್ತದೆ, ಅರ್ಜಿ ಹಾಕಿ. ಆದರೆ ಗ್ರಾಂಟಿನಿಂದ ಆಗುವುದು ಒಂದು ಮಾದರಿ. ಅದನ್ನು ಕೊಂಡು, ಬೀದಿಯಲ್ಲಿ ಇಟ್ಟು, ಮಳೆಗಾಲದಲ್ಲಿ ಕೆಟ್ಟಾಗ ಫೋನು ಮಾಡಿ ಬೈಯುವ ಒಬ್ಬ ಗಿರಾಕಿ ಸಿಗದಿದ್ದರೆ ಆ ಮಾದರಿ ಪ್ರದರ್ಶನಗಳಲ್ಲೇ ಮುದಿಯಾಗುತ್ತದೆ. ನನ್ನನ್ನು ಕೇಳಿದರೆ, 50 ಲಕ್ಷದ ಗ್ರಾಂಟಿಗಿಂತ 10 ಲಕ್ಷದ ಮೊದಲ ಆರ್ಡರ್ ದೊಡ್ಡದು. ಆ ಆರ್ಡರ್ ತೋರಿಸಿ ಬ್ಯಾಂಕಿನಲ್ಲಿ ಸಾಲ ಕೇಳಬಹುದು, ಇನ್ನೊಂದು ಪಾಲಿಕೆಯ ಬಾಗಿಲು ತಟ್ಟಬಹುದು.

"ಏನ್ ಮಾಡಿದ್ರೂ ಎಲ್‌1 ಆದವಂಗ ಕೊಡ್ತಾರ, ಹೊಸಾದು ಯಾಕ್ ಮಾಡಬೇಕ್ರಿ?"

ಇದು ಉದ್ಯಮಬಾಗದ ಪ್ರಶ್ನೆ, ಇದರಲ್ಲಿ ಸಿಟ್ಟೂ ಇದೆ, ನ್ಯಾಯವೂ ಇದೆ. ಕಡಿಮೆ ರೇಟು ಹಾಕಿದವನೇ ಎಲ್‌1. ಎರಡು ಲಕೋಟೆಯ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಲಕೋಟೆ ತೆರೆಯುತ್ತಾರೆ. ಪಾಸಾದವರೆಲ್ಲ ಅಲ್ಲಿಗೆ ಸಮಾನರು. ನಿಮ್ಮದು ಹತ್ತು ವರ್ಷ ಬಾಳುತ್ತೆ, ಪಕ್ಕದವನದು ಎರಡೇ ವರ್ಷ, ಆದರೂ ಬೆಲೆಯ ಲಕೋಟೆ ತೆರೆದಾಗ ಅದಕ್ಕೆ ಕಿಮ್ಮತ್ತಿಲ್ಲ.

ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಯಲ್ಲಿ, ಕಾಮಗಾರಿಗಳಿಗೂ, ಕನ್ಸಲ್ಟೆನ್ಸಿ ಅಲ್ಲದ ಸೇವೆಗಳಿಗೂ ಗುಣಮಟ್ಟಕ್ಕೆ ಅಂಕ ಕೊಟ್ಟು ಆರಿಸಬಹುದು ಅಂತ ಹೇಳಿದೆ. ಗುಣಮಟ್ಟದ ಪಾಲು ಹೆಚ್ಚೆಂದರೆ ಶೇ 30. ಅದೂ ಕೇಂದ್ರದ ಖರೀದಿಗೆ, ಅದೂ ಮೇಲಿನವರು ಒಪ್ಪಿದರೆ. ಇದಕ್ಕಿಂತ ಸುಲಭದ್ದು ಇನ್ನೊಂದಿದೆ: ಬೆಲೆ ಹೋಲಿಸುವಾಗ ಬರೀ ಕೊಳ್ಳುವ ಬೆಲೆ ನೋಡದೆ ಅದರ ಆಯುಸ್ಸಿನ ಪೂರ್ತಿ ಖರ್ಚು ಸೇರಿಸಿ ನೋಡುವುದು. ಒಂದು ಪಂಪಿನ ಬೆಲೆಗಿಂತ ಅದು ತಿನ್ನುವ ಕರೆಂಟಿನ ಬಿಲ್ಲೇ ಜಾಸ್ತಿ. ಆ ಲೆಕ್ಕವನ್ನು ಟೆಂಡರ್ ದಾಖಲೆಯಲ್ಲೇ ಸೂತ್ರ ಸಮೇತ ಬರೆದರೆ ಕಡಿಮೆ ಬೆಲೆ ಅನ್ನೋದರ ಅರ್ಥವೇ ಬದಲಾಗುತ್ತದೆ. ಆಮೇಲೆ ಎಲ್‌1ಗೇ ಕೊಡಿ, ಯಾರ ತಕರಾರೂ ಇರೋದಿಲ್ಲ.

ಒಟ್ಟಿಗೆ ಕೊಳ್ಳುವ ತಾಕತ್ತನ್ನೂ ಮರೆಯಬಾರದು. ಎಲ್‌ಇಡಿ ಬಲ್ಬನ್ನು ಕೇಂದ್ರದ ಇಂಧನ ಉಳಿತಾಯದ ಕಂಪನಿ ಇಇಎಸ್‌ಎಲ್ 2014ರಲ್ಲಿ ಕೊಂಡಾಗ ಒಂದಕ್ಕೆ 310 ರೂಪಾಯಿ. ಮನೆಮನೆಗೆ ಅಗ್ಗದ ಎಲ್‌ಇಡಿ ಕೊಡುವ ಉಜಾಲಾ ಯೋಜನೆ ಶುರುವಾಗಿ ಕೋಟಿಗಟ್ಟಲೆ ಕೊಳ್ಳತೊಡಗಿದ ಮೇಲೆ, 2016ರ ಹೊತ್ತಿಗೆ 38 ರೂಪಾಯಿಗೆ ಬಂತು. ಅದು ಹೊಸ ಶೋಧ ಅಲ್ಲ, ಇದ್ದ ಶೋಧವನ್ನು ಅಗ್ಗ ಮಾಡಿದ್ದು. ಆದರೂ ಹಳ್ಳಿ ಹಳ್ಳಿಗೆ ಮುಟ್ಟಿತಲ್ಲ.

ಟೆಂಡರ್‌ನಲ್ಲಿ ಸ್ಪೆಸಿಫಿಕೇಶನ್ ಹೇಗೆ ಬರೆಯಬೇಕು?

ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ನಮ್ಮ ಊರಿಗೆ ಹೊಂದುವ ಒಂದು ಸಾಮಾನು ತಗೊಳ್ಳೋಣ: ಒಳಚರಂಡಿಯ ಮ್ಯಾನ್‌ಹೋಲ್ ಮುಚ್ಚಳ.

ಎರಕದ ಕಬ್ಬಿಣದ ಮುಚ್ಚಳಕ್ಕೆ ಐಎಸ್ 1726 ಅನ್ನುವ ಮಾನಕ ಇದೆ, ಕಾಂಕ್ರೀಟಿನದಕ್ಕೆ ಐಎಸ್ 12592. ಭಾರ ತಡೆಯುವ ಶಕ್ತಿಯ ಮೇಲೆ 2.5, 10, 20 ಮತ್ತು 35 ಟನ್ ಅಂತ ದರ್ಜೆಗಳಿವೆ. ಈಗ ಎಂಜಿನಿಯರ್ ಸಾಹೇಬರು ಟೆಂಡರಿನಲ್ಲಿ "ಎರಕದ ಕಬ್ಬಿಣದ ಮುಚ್ಚಳ, ಇಷ್ಟು ವ್ಯಾಸ, ಇಷ್ಟು ಕೆಜಿ ತೂಕ" ಅಂತ ಬರೆದರು ಅನ್ನಿ. ನಿಮ್ಮ ಫೌಂಡ್ರಿಯಲ್ಲಿ ಎಸ್‌ಜಿ ಐರನ್ನಿನಲ್ಲಿ (ಸಾದಾ ಎರಕದಷ್ಟು ಸುಲಭಕ್ಕೆ ಒಡೆಯದ ಕಬ್ಬಿಣ), ಕೆಳಗೆ ಪಕ್ಕೆಲುಬು ಕೊಟ್ಟು, ಅಷ್ಟೇ ಭಾರ ತಡೆಯುವ ಆದರೆ ಹಗುರವಾದ ಮುಚ್ಚಳ ಎರಕ ಹೊಯ್ದಿದ್ದೀರಿ. ಕೀಲು ಇದೆ, ಬೀಗ ಇದೆ, ಒಬ್ಬನೇ ಕೆಲಸಗಾರ ಎತ್ತಬಹುದು. ಏನು ಉಪಯೋಗ? ತೂಕ ಕಡಿಮೆ ಅಂತ ತಾಂತ್ರಿಕ ಲಕೋಟೆಯಲ್ಲೇ ಔಟ್. ಒಳ್ಳೇ ವಿನ್ಯಾಸ ಅಂದರೆ ಲೋಹ ಉಳಿಸುವುದು. ಟೆಂಡರ್ ಕೇಳುತ್ತಿರುವುದು ಲೋಹ ಸುರಿಯುವುದನ್ನು.

ಅದನ್ನೇ ಹೀಗೆ ಬರೆದರೆ: 20 ಟನ್ ದರ್ಜೆಯ ಭಾರ ಪರೀಕ್ಷೆ ಪಾಸಾಗಬೇಕು. ವಾಹನ ಹೋದಾಗ ಟಣ್ ಟಣ್ ಅನ್ನಬಾರದು. ಗುಜರಿಯವನಿಗೆ ಮಾರಲು ಕಿತ್ತೊಯ್ಯುವಂತೆ ಇರಬಾರದು. ಒಬ್ಬರೇ ತೆರೆಯುವಂತಿರಬೇಕು. ಐದು ವರ್ಷದೊಳಗೆ ಒಡೆದರೆ ಪುಕ್ಕಟೆ ಬದಲಿಸಿ ಕೊಡಬೇಕು. ಆಗ ಎರಕದವರು ಬರುತ್ತಾರೆ, ಕಾಂಕ್ರೀಟಿನವರು ಬರುತ್ತಾರೆ, ಫೈಬರಿನವರೂ ಬರುತ್ತಾರೆ. ಯಾರ ತಲೆ ಚುರುಕೋ ಅವರಿಗೆ ಆರ್ಡರ್. ಮುಚ್ಚಳದಿಂದ ಆಗಬೇಕಾದ ಕೆಲಸ ಏನು ಅಂತ ಹೇಳಿ, ಹೇಗೆ ಅನ್ನುವುದನ್ನು ಮಾಡುವವರಿಗೆ ಬಿಡಿ.

ಒಂದು ಎಚ್ಚರಿಕೆ. ಇಂಥ ಟೆಂಡರ್ ಕರೆದರೆ ಪರೀಕ್ಷೆಯ ವಿಧಾನವನ್ನೂ ಮೊದಲೇ ಬರೆದಿಡಬೇಕು. ಯಾವ ಲ್ಯಾಬು, ಎಷ್ಟು ಮಾದರಿ, ಖರ್ಚು ಯಾರದು. 2011ರಲ್ಲಿ ಬಂದ ಆಕಾಶ್ ಟ್ಯಾಬ್ಲೆಟ್ ನೆನಪಿದೆಯಾ? ಅಗ್ಗದ ಟ್ಯಾಬ್ಲೆಟ್ಟನ್ನು ವಿದ್ಯಾರ್ಥಿಗಳಿಗೆ ಕೊಡುವ ಆಸೆ ದೊಡ್ಡದಿತ್ತು, ಆದರೆ ಯಾವ ಪರೀಕ್ಷೆ ಪಾಸಾಗಬೇಕು ಅನ್ನೋದರ ಮೇಲೇ ಕೊಳ್ಳುವವರಿಗೂ ಕೊಡುವವರಿಗೂ ಜಗಳ ಹತ್ತಿ ಸೊರಗಿತು.

ನಾನು ಪಾಲಿಕೆಯ ಎಂಜಿನಿಯರ್. ಹೊಸ ಸಾಮಾನು ಎಸ್‌ಆರ್‌ನಲ್ಲೇ (ಇಲಾಖೆಯ ದರಪಟ್ಟಿ) ಇಲ್ಲ. ಎಸ್ಟಿಮೇಟ್ ಹೇಗೆ ಮಾಡಲಿ?

ದರಪಟ್ಟಿಯಲ್ಲಿ ಇಲ್ಲದ ಐಟಂ ಹಾಕುವುದು ಕಾನೂನಿಗೆ ವಿರೋಧ ಅಲ್ಲ, ಸುಮ್ನೆ ಕೆಲಸ ಜಾಸ್ತಿ. ದರ ವಿಶ್ಲೇಷಣೆ ಮಾಡಬೇಕು, ಕೊಟೇಶನ್ ತರಿಸಬೇಕು, ಮೇಲಿನವರ ಒಪ್ಪಿಗೆ ಪಡೆಯಬೇಕು. ಅದಕ್ಕೇ ಎಲ್ಲರೂ ಹಳೇ ಐಟಂಗೇ ಅಂಟಿಕೊಳ್ಳುತ್ತಾರೆ. ನಿಮ್ಮ ಭಯವೂ ಗೊತ್ತಿದೆ: ಹಳೇ ಸಾಮಾನು ಕೆಟ್ಟರೆ ಅದು ಸಾಮಾನಿನ ತಪ್ಪು, ಹೊಸ ಸಾಮಾನು ಕೆಟ್ಟರೆ ಅದು ನಿಮ್ಮ ತಪ್ಪು. ನಾಳೆ ಆಡಿಟ್‌ನವರು ಆಕ್ಷೇಪದ ಪ್ಯಾರಾ ಬರೆದರೆ ಉತ್ತರ ಕೊಡಬೇಕಾದವರು ನೀವೇ.

ಹಾಗಾಗಿ ಕಾಗದ ಗಟ್ಟಿ ಇರಲಿ. ಇಡೀ ವಾರ್ಡಿಗೆ ಬೇಡ, ಒಂದು ರಸ್ತೆಗೆ ಪ್ರಯೋಗ ಮಾಡಿ. ಶುರು ಮಾಡುವ ಮೊದಲೇ ಏನನ್ನು ಅಳೆಯುತ್ತೇವೆ, ಎಷ್ಟು ತಿಂಗಳು ನೋಡುತ್ತೇವೆ, ಸೋತರೆ ಎಷ್ಟು ದುಡ್ಡು ಹೋಗುತ್ತದೆ ಅಂತ ಟಿಪ್ಪಣಿಯಲ್ಲಿ ಬರೆದು ಸಹಿ ಹಾಕಿಸಿ. ಗೆದ್ದರೆ ಆ ವರದಿ ಹಿಡಿದು ದರಪಟ್ಟಿಗೆ ಸೇರಿಸಿ ಅಂತ ಕೇಳಬಹುದು. ದರಪಟ್ಟಿಗೆ ಸೇರಿತು ಅಂದರೆ ಅಲ್ಲಿಂದಾಚೆ ಯಾವ ಎಂಜಿನಿಯರೂ ಧೈರ್ಯ ಮಾಡಬೇಕಾಗಿಲ್ಲ.

ಮೂರು ವರ್ಷದ ಅನುಭವ ಬೇಕು, ಇಷ್ಟು ಕೋಟಿ ಟರ್ನೋವರ್ ಬೇಕು ಅಂತಾರೆ. ನಮ್ಮದು ನಿನ್ನೆ ಹುಟ್ಟಿದ ಕಂಪನಿ.

ಮೊದಲು ಕೊಳ್ಳುವವರು ಕೇಂದ್ರವೋ ರಾಜ್ಯವೋ ನೋಡಿ. ರೈಲ್ವೆ, ಕಂಟೋನ್ಮೆಂಟ್, ವಿಮಾನ ನಿಲ್ದಾಣ, ಎಚ್‌ಎಎಲ್, ಬಿಇಎಲ್ ಎಲ್ಲ ಕೇಂದ್ರದ ಕಡೆ. ಪಾಲಿಕೆ, ಹೆಸ್ಕಾಂ, ನೀರಾವರಿ, ಜಿಲ್ಲಾ ಪಂಚಾಯ್ತಿ ರಾಜ್ಯದ ಕಡೆ.

ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ನೋಂದಾಯಿತ ಸ್ಟಾರ್ಟಪ್‌ಗಳಿಗೆ ಅನುಭವ ಮತ್ತು ಟರ್ನೋವರ್ ಷರತ್ತು ಸಡಿಲ ಮಾಡಬಹುದು, ಗುಣಮಟ್ಟದಲ್ಲಿ ಮಾತ್ರ ರಿಯಾಯ್ತಿ ಇಲ್ಲ. ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಕಟ್ಟುವುದರಿಂದಲೂ ವಿನಾಯ್ತಿ ಇದೆ. ಸಣ್ಣ ಉದ್ದಿಮೆಗಳಿಗೆ 2012ರ ಖರೀದಿ ಆದೇಶ ಬೇರೆ ಇದೆ. ಕೇಂದ್ರದ ಇಲಾಖೆಗಳು, ಕಂಪನಿಗಳು ವರ್ಷದ ಖರೀದಿಯಲ್ಲಿ ಶೇ 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದಲೇ ಮಾಡಬೇಕು. ಅದರೊಳಗೆ ಶೇ 4 ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗಳಿಗೆ, ಶೇ 3 ಮಹಿಳೆಯರ ಉದ್ದಿಮೆಗಳಿಗೆ. ನಿಮ್ಮ ರೇಟು ಎಲ್‌1ಗಿಂತ ಶೇ 15ರ ಒಳಗೆ ಜಾಸ್ತಿ ಇದ್ದರೆ, ಎಲ್‌1 ರೇಟಿಗೆ ಇಳಿಯಲು ನಿಮಗೆ ಅವಕಾಶ ಕೊಡಬೇಕು. ಸಣ್ಣ ಉದ್ದಿಮೆ ಅಂತ ಕೇಂದ್ರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಸಣ್ಣ ಉದ್ದಿಮೆಯ ಈ ಸವಲತ್ತು ಯಾವುದೂ ಸಿಗಲ್ಲ. ಇವತ್ತೇ ಮಾಡಿಸಿ, ಆನ್‌ಲೈನ್‌ನಲ್ಲಿ ಪುಕ್ಕಟೆ. ಏಜೆಂಟರಿಗೆ ದುಡ್ಡು ಕೊಡಬೇಡಿ.

ರಾಜ್ಯದಲ್ಲಿ 1999ರ ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ) ಆಳ್ವಿಕೆ, ಟೆಂಡರ್‌ಗಳೆಲ್ಲ ರಾಜ್ಯದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ. ಇಲ್ಲಿ ಬಾಯಿಮಾತು ನಂಬಬೇಡಿ. ಟೆಂಡರ್ ದಾಖಲೆಯಲ್ಲಿ ಸಡಿಲಿಕೆ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಬಿಡ್ ಹಾಕುವ ಮೊದಲು ನಡೆಯುವ ಪ್ರಿಬಿಡ್ ಸಭೆಯಲ್ಲಿ ಲಿಖಿತವಾಗಿ ಕೇಳಬೇಕು. ಬಿಡ್ ಹಾಕಿ ಸೋತ ಮೇಲೆ ನೀತಿಯ ಪ್ರತಿ ಹಿಡಿದು ಓಡಾಡಿದರೆ ಆಗೋದು ಅಷ್ಟಕ್ಕಷ್ಟೇ.

ಡೆಮೊ ಕೊಟ್ಟೆ, ಚಹಾ ಕುಡಿಸಿ ಕಳಿಸಿದರು. ಆಮೇಲೆ ಅದನ್ನೇ ಟೆಂಡರ್ ಕರೆದು ಇನ್ನೊಬ್ಬರಿಗೆ ಕೊಟ್ಟರು!

ಬಹಳ ಜನರ ಗೋಳು ಇದು. ಸಿದ್ಧತೆ ಡೆಮೊಗೆ ಮೊದಲೇ ಆಗಬೇಕು. ಪೇಟೆಂಟ್‌ಗೆ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಅಂತ ಇದೆ. ಒಬ್ಬ ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್‌ನಲ್ಲಿ ಹಾಕಿದರೆ ಶುಲ್ಕ 1,600 ರೂಪಾಯಿ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರ ಸಲ್ಲಿಸಬೇಕು. ಎಲ್ಲರೆದುರು ತೋರಿಸಿದ ಮೇಲೆ ಪೇಟೆಂಟ್ ಕೇಳಿದರೆ ಹೊಸತನವೇ ಹೋಯಿತು ಅನ್ನುವ ಆಕ್ಷೇಪ ಬರುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ಇಲಾಖೆಯವರು ನಿಮ್ಮ ಡೆಮೊ ನೋಡಿದರು ಅಂತ ಟೆಂಡರ್ ಇಲ್ಲದೆ ನಿಮಗೇ ಕೊಡಲು ಆಗುವುದಿಲ್ಲ. ಅದಕ್ಕೇ ಸವಾಲು ಪದ್ಧತಿ ಒಳ್ಳೆಯದು: ಇಲಾಖೆ ಸಮಸ್ಯೆಯನ್ನು ಬಹಿರಂಗವಾಗಿ ಹೇಳುತ್ತದೆ, ಹಲವರನ್ನು ಆರಿಸಿ ಮಾದರಿ ಮಾಡಲು ದುಡ್ಡು ಕೊಡುತ್ತದೆ, ಗೆದ್ದವರ ಜೊತೆ ಮುಂದಕ್ಕೆ ಹೋಗುತ್ತದೆ. ರಕ್ಷಣಾ ಇಲಾಖೆಯ ಐಡೆಕ್ಸ್ ಯೋಜನೆ 2018ರಿಂದ ಹೀಗೇ ನಡೆದಿದೆ, ಅದರಲ್ಲಿ ಸಾಮಾನ್ಯ ಸವಾಲಿಗೆ 1.5 ಕೋಟಿವರೆಗೆ ಸಿಗುತ್ತದೆ. ರೈಲ್ವೆ 2022ರ ಜೂನ್‌ನಲ್ಲಿ ಸ್ಟಾರ್ಟಪ್‌ಗಳಿಗೆ ಅಂತಲೇ ನೀತಿ ತಂದಿತು. ಅಲ್ಲೂ 1.5 ಕೋಟಿವರೆಗೆ, ಖರ್ಚು ಅರ್ಧರ್ಧ, ಬೌದ್ಧಿಕ ಹಕ್ಕು ಮಾತ್ರ ಕಂಡುಹಿಡಿದವರದೇ. ಎರಕ, ಮಷಿನಿಂಗ್, ಹೈಡ್ರಾಲಿಕ್ಸ್ ಗೊತ್ತಿರುವ ಊರಿಗೆ ಇವೆರಡೂ ಹೇಳಿ ಮಾಡಿಸಿದಂತಿವೆ.

ಜ್ಞಾನ ವರ್ಗಾವಣೆ ಅಂದರೆ ಎರಡು ದಿನದ ಟ್ರೇನಿಂಗ್, ಒಂದು ಊಟ, ಒಂದು ಸರ್ಟಿಫಿಕೇಟ್. ಅಷ್ಟೇನಾ?

ಎಷ್ಟೋ ಕಡೆ ಅಷ್ಟೇ. ಆದರೆ ಬೆಳಗಾವಿಯಲ್ಲಿ ಬೇರೆ ಥರದ್ದೂ ಆಗಿದೆ. ವಿಶ್ವಬ್ಯಾಂಕಿನ ನೆರವಿನಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಆಯ್ದ ಭಾಗಗಳಿಗೆ 24 ತಾಸು ನೀರು ಕೊಡುವ ಪ್ರಯೋಗ ನಡೆಯಿತು. 2008ರ ಹೊತ್ತಿಗೆ ನೀರು ಬಂತು. ಅಲ್ಲಿಯವರೆಗೆ ಕೆಲವು ದಿನಕ್ಕೊಮ್ಮೆ, ಒಂದೆರಡು ತಾಸು. "ದಿನಾ ಪೂರ್ತಿ ನೀರು ಅಂದರೆ ಸುಳ್ಳು" ಅನ್ನುವವರೇ ಜಾಸ್ತಿ ಇದ್ದರು.

ಆ ಗುತ್ತಿಗೆ ಮಾಮೂಲಿ ಪೈಪು ಹಾಕುವ ಗುತ್ತಿಗೆ ಆಗಿರಲಿಲ್ಲ. ಕಂಪನಿ ಪೈಪು ಹಾಕಬೇಕು, ಆಮೇಲೆ ಎರಡು ವರ್ಷ ತಾನೇ ನಡೆಸಬೇಕು. ಸಿಗುವ ದುಡ್ಡಿನ ಒಂದು ಭಾಗ ಒತ್ತಡ, ಸೋರಿಕೆ, ದೂರುಗಳ ಗುರಿ ಮುಟ್ಟಿದರೆ ಮಾತ್ರ. ಅಂದರೆ ಕೊಂಡಿದ್ದು ಪೈಪಲ್ಲ, ನೀರು. ಮೊದಲು ಚಾವಿ ಹಿಡಿದು ಓಣಿ ಓಣಿಗೆ ಸರದಿ ಮೇಲೆ ನೀರು ಬಿಡುತ್ತಿದ್ದ ವಾಲ್ವ್‌ಮನ್‌ನ ಕೆಲಸವೂ ಬದಲಾಗುತ್ತದೆ. ಒತ್ತಡ ಓದುವುದು, ರಾತ್ರಿ ಹೊತ್ತು ಹರಿವು ನೋಡಿ ಸೋರಿಕೆ ಹಿಡಿಯುವುದು, ಮೀಟರ್ ಲೆಕ್ಕ. ಜ್ಞಾನ ದಾಟುವುದು ಹೀಗೆ, ಜೊತೆಗೆ ನಿಂತು ವರ್ಷಗಟ್ಟಲೆ ಕೆಲಸ ಮಾಡಿದಾಗ. ಆದರೆ ಇಡೀ ಊರಿಗೆ ಅದನ್ನು ಹಬ್ಬಿಸುವ ಗುತ್ತಿಗೆ ಬರಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಷ್ಟರಲ್ಲಿ ಕಲಿತವರು ವರ್ಗ ಆಗಿರುತ್ತಾರೆ, ನಿವೃತ್ತಿಯಾಗಿರುತ್ತಾರೆ. ಪ್ರಯೋಗ ಗೆದ್ದರೆ ಮುಂದೇನು ಅನ್ನೋದನ್ನು ಮೊದಲ ಗುತ್ತಿಗೆಯಲ್ಲೇ ಬರೆಯದಿದ್ದರೆ ಹೀಗಾಗುತ್ತದೆ.

ನೀವು ಗುತ್ತಿಗೆ ಬರೆಯುವವರಾದರೆ ಡ್ರಾಯಿಂಗು, ಪಾಸ್‌ವರ್ಡು, ಬಿಡಿಭಾಗದ ಪಟ್ಟಿ, ಕನ್ನಡದಲ್ಲಿ ಕೈಪಿಡಿ ಇವೆಲ್ಲ ಕೊನೆಯ ಕಂತಿಗೆ ಕಟ್ಟಿಹಾಕಿ. ಕೊಟ್ಟ ಮೇಲೆ ಬಿಲ್. ಮತ್ತೆ ನಮ್ಮ ಸಿಬ್ಬಂದಿ ಕಂಪನಿಯವರ ಸಹಾಯ ಇಲ್ಲದೆ ಒಂದು ತಿಂಗಳು ನಡೆಸಿ ತೋರಿಸಬೇಕು ಅನ್ನುವ ಷರತ್ತು ಹಾಕಿ. ಸರ್ಟಿಫಿಕೇಟಿಗಿಂತ ಅದು ಸಾಚಾ.

ಇದರಲ್ಲಿ ಕಾಲೇಜುಗಳಿಗೆ ಏನು ಕೆಲಸ?

ಇದೆ, ಆದರೆ ಮಾಡುತ್ತಿರುವುದು ಕಡಿಮೆ. ವಿಟಿಯುದ ಕೇಂದ್ರ ಕಚೇರಿ ಇರುವ ಊರು ಇದು, ಉಪಕರಣ ತಯಾರಿಕೆ ಕಲಿಸುವ ಸರ್ಕಾರಿ ಕೇಂದ್ರ ಜಿಟಿಟಿಸಿ ಇದೆ, ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಪ್ರತಿ ವರ್ಷ ಸಾವಿರಾರು ಪ್ರಾಜೆಕ್ಟು ವರದಿಗಳು ಬೈಂಡ್ ಆಗಿ ಕಪಾಟು ಸೇರುತ್ತವೆ. ಪಾಲಿಕೆ ಜೂನ್‌ನಲ್ಲಿ ತನ್ನ ಹತ್ತು ಸಮಸ್ಯೆ ಬರೆದು ಕೊಟ್ಟರೆ ಅದರಲ್ಲಿ ಎರಡಕ್ಕಾದರೂ ಉಪಯೋಗದ ಉತ್ತರ ಬರುತ್ತದೆ. ಸಾಮಾನು ಪರೀಕ್ಷೆ ಮಾಡಿ ಮೂರನೆಯವರಾಗಿ ವರದಿ ಕೊಡುವ ಕೆಲಸವಂತೂ ಕಾಲೇಜಿನ ಲ್ಯಾಬುಗಳಿಗೆ ಸರಿಯಾಗಿ ಹೊಂದುತ್ತದೆ.

ಬಿಲ್ ಯಾವಾಗ ಆಗುತ್ತೆ? ಖರೇ ಹೇಳಿ.

ಕಾನೂನು 45 ದಿನ ಅನ್ನುತ್ತದೆ. ಸಣ್ಣ ಉದ್ದಿಮೆಗಳ ಕಾಯ್ದೆಯಾದ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಅತಿಸಣ್ಣ, ಸಣ್ಣ ಉದ್ದಿಮೆಗೆ ಅದಕ್ಕಿಂತ ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಂದ್ರದ ಸಣ್ಣ ಉದ್ದಿಮೆ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಕಾಮಗಾರಿ ಗುತ್ತಿಗೆಗೆ ಇದು ಅನ್ವಯ ಆಗುತ್ತಾ ಅನ್ನೋದರಲ್ಲಿ ಕೋರ್ಟುಗಳಲ್ಲಿ ತಕರಾರು ಇದೆ, ಸಾಮಾನು ಪೂರೈಕೆಗೆ ತೊಂದರೆ ಇಲ್ಲ. ಆದರೆ ಮುಂದಿನ ಆರ್ಡರ್ ತಪ್ಪುತ್ತದೆ ಅಂತ ಎಷ್ಟೋ ಜನ ದೂರು ಹಾಕುವುದೇ ಇಲ್ಲ. ಹೊಸ ಸಾಮಾನಿನ ದೊಡ್ಡ ಶತ್ರು ಇದೇ. ದೊಡ್ಡ ಕಂಪನಿ ಆರು ತಿಂಗಳು ತಾಳುತ್ತದೆ, ಏಳು ಜನರ ವರ್ಕ್‌ಶಾಪು ತಾಳುವುದಿಲ್ಲ. ಮಾದರಿಗೆ, ಪರೀಕ್ಷೆಗೆ, ಅಳವಡಿಕೆಗೆ ಅಂತ ಸಣ್ಣ ಸಣ್ಣ ಕಂತು ಕೇಳಿ.

ಇಷ್ಟೆಲ್ಲ ಸಡಿಲ ಬಿಟ್ಟರೆ ದುಡ್ಡು ಹೊಡೆಯೋಕೆ ದಾರಿ ಆಗಲ್ವಾ?

ಆಗಬಹುದು. ಕೆಟಿಪಿಪಿಯ 4ಜಿ ಅಂತ ಕೇಳಿರುತ್ತೀರಿ, ಮೊಬೈಲಿನದಲ್ಲ, ಕಾಯ್ದೆಯ 4(ಜಿ). ಸರ್ಕಾರ ಅಧಿಸೂಚನೆ ಹೊರಡಿಸಿ ಒಂದು ನಿರ್ದಿಷ್ಟ ಖರೀದಿಗೆ ಟೆಂಡರಿನಿಂದ ವಿನಾಯ್ತಿ ಕೊಡಬಹುದು. ಹೊಸತನದ ಹೆಸರಿನಲ್ಲಿ ಇದನ್ನು ಬಳಸಿ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಇದು ಸರಿ ಕಾಣುವುದಿಲ್ಲ. ಸಮಸ್ಯೆ ಬಹಿರಂಗ, ಪರೀಕ್ಷೆ ಬಹಿರಂಗ, ಅಂಕ ಬಹಿರಂಗ ಇದ್ದರೆ ಟೆಂಡರ್ ಒಳಗೇ ಹೊಸತು ಕೊಳ್ಳಬಹುದು. ಅನ್ಯಾಯ ಆಯಿತು ಅನಿಸಿದರೆ ಅದೇ ಕಾಯ್ದೆಯ 16ನೇ ಕಲಂ ಪ್ರಕಾರ, ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ದಿನ ಎಣಿಸುತ್ತಾ ಕೂರಬೇಡಿ.

ಟೆಂಡರ್ ಕರೆಯುವ ಮೊದಲು ಇಲಾಖೆಯವರ ಜೊತೆ ಮಾತಾಡಿದರೆ ತಪ್ಪಾ?

ಒಳಗೊಳಗೆ ಮಾತಾಡಿದರೆ ತಪ್ಪು. ಎಲ್ಲರನ್ನೂ ಕರೆದು ಮಾತಾಡಿದರೆ ಒಳ್ಳೆಯದು. ಆಸಕ್ತಿ ಇರುವವರು ಬನ್ನಿ ಅಂತ ಪ್ರಕಟಣೆ ಹಾಕಿ, ಫೌಂಡ್ರಿಯವರು, ಕಾಲೇಜಿನವರು, ಹೊರಗಿನ ಕಂಪನಿಯವರು ಎಲ್ಲರ ಎದುರು ಸಮಸ್ಯೆ ಹೇಳಿ, ಬಂದ ಪ್ರಶ್ನೆ ಉತ್ತರ ಎಲ್ಲ ಪೋರ್ಟಲ್‌ನಲ್ಲಿ ಹಾಕುವುದು. ಅಂಥ ಸಭೆ ಕರೆದರೆ ಸುಮ್ನೆ ಹಿಂದೆ ಕೂತು ಚಹಾ ಕುಡಿದು ಬರಬೇಡಿ. ನಿಮ್ಮ ಸಾಮಾನಿಗೆ ಅಡ್ಡ ಬರುವ ಷರತ್ತು ಯಾವುದು, ಅದರ ಬದಲು ಯಾವ ಪರೀಕ್ಷೆ ಇಟ್ಟರೆ ಇಲಾಖೆಗೂ ಚಿಂತೆ ಇಲ್ಲ ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದು ಸ್ವೀಕೃತಿ ಸಹಿ ಪಡೆದು ಬನ್ನಿ. ಬಾಯಲ್ಲಿ ಹೇಳಿದ್ದು ಆ ಕೋಣೆಯಲ್ಲೇ ಉಳಿಯುತ್ತದೆ, ಹಾಳೆಗೆ ಮಾತ್ರ ಫೈಲಿನಲ್ಲಿ ಉತ್ತರ ಬರೆಯಲೇಬೇಕು.